ಕ್ಯಾಟ್ 6 ನೆಟ್ ಕೇಬಲ್ ಎಳೆಸಿದ ಮೇಲೆ ಸ್ಪೀಡ್ 94ಕ್ಕೆ ಇಳಿದಿದೆ, ಯಾಕೆ?

ವಿದ್ಯಾನಗರದವನು:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ದಾವಣಗೆರೆಯಲ್ಲಿ. ಕೆಳಗೆ ಹಾಲ್‌ನಲ್ಲಿ ಫೈಬರ್ ರೌಟರ್ ಇದೆ, 300 ಎಂಬಿಪಿಎಸ್ ಪ್ಲಾನ್. ಮೇಲಿನ ರೂಮಿಗೆ ಮನೆ ಕಟ್ಟಿಸುವಾಗ ಹಾಕಿಸಿದ್ದ ಕ್ಯಾಟ್ 5ಇ (6ಕ್ಕಿಂತ ಕೆಳಗಿನ ದರ್ಜೆ) ಕೇಬಲ್ ಇತ್ತು. ಹೋದ ವಾರ ಅದನ್ನು ತೆಗೆಸಿ, ಅದೇ ಪೈಪಿನಲ್ಲಿ ಹೊಸ ಕ್ಯಾಟ್ 6 ಎಳೆಸಿದೆ. ಸುಮಾರು 20 ಮೀಟರ್. ಹಳೇ ಪ್ಯಾಕೆಟ್‌ನಲ್ಲಿ 5ಇಯ ಆರ್‌ಜೆ45 ಕನೆಕ್ಟರ್ (ಕೇಬಲ್ ತುದಿಯ ಪ್ಲಗ್) ಉಳಿದಿದ್ದವು, ಸುಮ್ನೆ ಯಾಕೆ ಖರ್ಚು ಅಂತ ಅವನ್ನೇ ಒತ್ತಿ ಕ್ರಿಂಪ್ ಮಾಡಿದೆ.

ಈಗ ಮೇಲಿನ ಕಂಪ್ಯೂಟರಿನಲ್ಲಿ ಸ್ಪೀಡ್ 94 ದಾಟುತ್ತಿಲ್ಲ. ಹಳೇ ಕೇಬಲ್‌ನಲ್ಲಿ 300 ಬರುತ್ತಿತ್ತು! ಟೆಸ್ಟರ್ ಹಾಕಿದರೆ ಎಂಟೂ ಲೈಟ್ ಹತ್ತುತ್ತವೆ. ಕೈಯಿಂದ ದುಡ್ಡು ಹಾಕಿ ಸ್ಪೀಡ್ ಇಳಿಸಿಕೊಂಡ ಹಾಗಾಗಿದೆ.

ಕೋಟೆ ಕಡೆಯವನು:
ಕ್ಯಾಟ್ 7 ಹಾಕಿಸಿಬಿಡಿ ಸರ್. ಚಿತ್ರದುರ್ಗದಲ್ಲಿ ನಮ್ಮ ಮನೆಗೆ ಅದನ್ನೇ ತರಿಸಿದ್ದೇನೆ, ತೊಂದರೆ ಇಲ್ಲ.

ಬೆಣ್ಣೆದೋಸೆ:
ಸ್ವಲ್ಪ ತಡೀರಿ, ಇನ್ನೊಂದು ಕೇಬಲ್ ತರಿಸುವುದು ಬೇಡ. 94 ಅನ್ನುವ ಅಂಕಿಯೇ ರೋಗ ಹೇಳುತ್ತಿದೆ. 100 ಎಂಬಿಪಿಎಸ್ ಲಿಂಕ್‌ನಲ್ಲಿ ನಮ್ಮ ಕೈಗೆ ಸಿಗುವುದು ಹೆಚ್ಚುಕಡಿಮೆ ಅಷ್ಟೇ. 100ಕ್ಕೆ ಎರಡು ಜೊತೆ ವೈರ್ ಸಾಕು: 1, 2, 3, 6ನೇ ಪಿನ್. ಗಿಗಾಬಿಟ್‌ಗೆ, ಅಂದರೆ 1000ಕ್ಕೆ, ನಾಲ್ಕೂ ಜೊತೆ ಬೇಕು. ಉಳಿದ 4, 5, 7, 8ರಲ್ಲಿ ಒಂದು ಸಡಿಲವಾದರೂ ಲಿಂಕ್ ಗಪ್‌ಚುಪ್ ಆಗಿ 100ಕ್ಕೆ ಇಳಿಯುತ್ತದೆ. ವಿಂಡೋಸ್‌ನಲ್ಲಿ ಈಥರ್ನೆಟ್ ಸೆಟ್ಟಿಂಗ್ ತೆರೆದು ಲಿಂಕ್ ಸ್ಪೀಡ್ ನೋಡಿ, 100/100 ಅಂತ ಇರಬೇಕು.

ನನ್ನ ಅನುಮಾನ ಆ ಹಳೇ ಕನೆಕ್ಟರ್ ಮೇಲೆ. ಕ್ಯಾಟ್ 6ರ ವೈರ್ ಸಾಮಾನ್ಯವಾಗಿ 23 ಗೇಜ್, 5ಇಯದು 24. ಗೇಜ್ ಅಂಕಿ ಕಡಿಮೆಯಾದಷ್ಟೂ ವೈರ್ ದಪ್ಪ, ಮೇಲಿನ ಪ್ಲಾಸ್ಟಿಕ್ಕೂ ದಪ್ಪ. 5ಇ ಕನೆಕ್ಟರಿನ ಸಣ್ಣ ತೂತಿಗೆ ಅದನ್ನು ತುರುಕಿದರೆ ತುದಿಯವರೆಗೂ ಹೋಗುವುದಿಲ್ಲ. ಟೆಸ್ಟರ್ ನೋಡುವುದು ವೈರ್ ತಾಗಿದೆಯಾ ಅಂತ ಮಾತ್ರ. ಅರೆಬರೆ ತಾಗಿದರೂ ಲೈಟ್ ಹತ್ತುತ್ತದೆ. ಕೇಬಲ್ ಅಲ್ಲಾಡಿಸುತ್ತಾ ಇನ್ನೊಮ್ಮೆ ನೋಡಿ.

ವಿದ್ಯಾನಗರದವನು:
ಹೌದು ಸರ್, 100/100 ಇದೆ! ಕೆಳಗಿನ ತುದಿ ಸ್ವಲ್ಪ ಬಗ್ಗಿಸಿದರೆ 7ನೇ ಲೈಟ್ ಆರಿ ಹೋಗುತ್ತದೆ. ಮೊಬೈಲ್ ಟಾರ್ಚ್ ಹಾಕಿ ನೋಡಿದೆ, ಬಿಳಿ-ಕಂದು ವೈರ್ ಉಳಿದವುಗಳಿಗಿಂತ ಹಿಂದೆಯೇ ನಿಂತಿದೆ. ಕ್ರಿಂಪ್ ಮಾಡುವಾಗಲೇ ಬಿಗಿ ಅನಿಸಿತ್ತು, ಜೋರು ಮಾಡಿ ಒತ್ತಿದ್ದೆ. ಅಂದರೆ 5ಇ ಮತ್ತು 6 ಬೆರೆಸಲೇಬಾರದಾ? ಅಮ್ಮನ ರೂಮಿನಲ್ಲಿ ಇನ್ನೂ 5ಇ ಇದೆ.

ಬೆಣ್ಣೆದೋಸೆ:
ಬೆರೆಸಿದ್ದಕ್ಕೇ ಸ್ಪೀಡ್ ಹೋಗಿಲ್ಲ, ವೈರ್ ಕೂರದೆ ಹೋಗಿದೆ. ಬೆರೆಸಿದರೆ ಇಡೀ ಲೈನಿಗೆ ಅದರಲ್ಲಿ ಕಡಿಮೆ ದರ್ಜೆಯದು ಯಾವುದೋ ಅದರ ಲೆಕ್ಕ, ಅಷ್ಟೇ. ಕ್ಯಾಟ್ 6 ಕೇಬಲ್‌ಗೆ 5ಇ ಕನೆಕ್ಟರ್ ಸರಿಯಾಗಿ ಕೂತರೆ ಅದು 5ಇ ಲೈನ್. ಒಂದು ಗಿಗಾಬಿಟ್‌ಗೆ 5ಇ 100 ಮೀಟರ್‌ವರೆಗೂ ಸಾಕು. ಹಳೇ ಕೇಬಲ್ ಕೀಳದೆ 2.5 ಗಿಗಾಬಿಟ್ ಓಡಲಿ ಅಂತಲೇ 2016ರಲ್ಲಿ ಒಂದು ಸ್ಟ್ಯಾಂಡರ್ಡ್ ಕೂಡ ಬಂತು. ಅಮ್ಮನ ರೂಮಿನದನ್ನು ಮುಟ್ಟಬೇಡಿ. 10 ಗಿಗಾಬಿಟ್ ಬೇಕಾದವರಿಗೆ ಮಾತ್ರ ಬೇರೆ ಲೆಕ್ಕ: ಕ್ಯಾಟ್ 6ರಲ್ಲಿ 55 ಮೀಟರ್‌ವರೆಗೆ, ಅದರ ಮೇಲಿನ ದರ್ಜೆ 6ಎನಲ್ಲಿ 100 ಮೀಟರ್.

ಅಂಗಡಿಯಲ್ಲಿ ಕ್ಯಾಟ್ 6 ಕನೆಕ್ಟರ್ ಅಂತಲೇ ಕೇಳಿ. ಒಳಗಿನ ತೂತು ಒಂದೇ ಸಾಲಿನಲ್ಲಿ ಇಲ್ಲದೆ ಮೇಲೆ-ಕೆಳಗೆ ಇರುವುದು ಸಿಕ್ಕರೆ ಒಳ್ಳೆಯದು. ಗೋಡೆಯೊಳಗಿನ ಗಟ್ಟಿ ತಾಮ್ರದ ವೈರಿಗೆ ಆಗುತ್ತದಾ ಅಂತಲೂ ಕೇಳಿ. ಜೊತೆಗಳ ತಿರುಚು ಬಿಚ್ಚುವುದು 13 ಮಿಲಿಮೀಟರ್ ದಾಟದಿರಲಿ, ಅರ್ಧ ಇಂಚು ಅಂದುಕೊಳ್ಳಿ. ನನ್ನನ್ನು ಕೇಳಿದರೆ, ಗೋಡೆಗೆ ಐಒ ಬಾಕ್ಸ್ (ನೆಟ್ ಸಾಕೆಟ್) ಹಾಕಿ ಅಲ್ಲಿಂದ ಎರಡೂ ತುದಿಗೆ ಪ್ಲಗ್ ಇರುವ ರೆಡಿ ಪ್ಯಾಚ್ ಕಾರ್ಡ್ ಬಿಡುವುದೇ ವಾಸಿ.

ಕೋಟೆಯವರೇ, ಬೇಜಾರಾಗಬೇಡಿ. ಕ್ಯಾಟ್ 7ಕ್ಕೆ ಅಂತ ಮಾಡಿದ ಕನೆಕ್ಟರೇ ಬೇರೆ. ಆರ್‌ಜೆ45 ಹಾಕಿ ಮಾರುವ ಕ್ಯಾಟ್ 7ರಿಂದ ಮನೆಯಲ್ಲಿ ಜಾಸ್ತಿ ಏನೂ ಸಿಗುವುದಿಲ್ಲ.

ಕೋಟೆ ಕಡೆಯವನು:
ದುಡ್ಡು ಹೋದಮೇಲೆ ಹೇಳ್ತೀರಲ್ಲ ಸರ್ 😄

ವಿದ್ಯಾನಗರದವನು:
ಎರಡೂ ತುದಿ ಕತ್ತರಿಸಿ ಕ್ಯಾಟ್ 6 ಕನೆಕ್ಟರ್ ಹಾಕಿದೆ. ಮೊದಲನೆಯದು ಕೆಟ್ಟಿತು, ಬಣ್ಣ ಅದಲುಬದಲಾಗಿತ್ತು. ಈಗ 1000/1000, ಟೆಸ್ಟ್‌ನಲ್ಲಿ 300 ಪೂರ್ತಿ. ತುಂಬಾ ಥ್ಯಾಂಕ್ಸ್. ತೆಗೆಸಿದ ಹಳೇ 5ಇ ಕೇಬಲ್ ಗುಜರಿಗೆ ಹಾಕಲಾ?

ಬೆಣ್ಣೆದೋಸೆ:
ಅಯ್ಯೋ ಬೇಡ. ಗೇಟಿನ ಕ್ಯಾಮೆರಾಗೆ 100 ಬೇಕಾದಷ್ಟಾಯಿತು. ಆದರೆ ಒಳಗಿನ ಕೇಬಲ್‌ನ ಸಿಪ್ಪೆ ನಮ್ಮೂರ ಬಿಸಿಲು ತಡೆಯುವುದಿಲ್ಲ, ಪೈಪಿನಲ್ಲೇ ಬಿಡಿ. ಅದಕ್ಕೆ ಆ ಹಳೇ ಪ್ಯಾಕೆಟ್‌ನ ಕನೆಕ್ಟರ್ ಸರಿಯಾಗಿ ಕೂರುತ್ತವೆ.