ರಿಸರ್ವ್ ಪಡೆಗೆ ಇಷ್ಟು ದೊಡ್ಡ ಹೆಡ್‌ಕ್ವಾರ್ಟರ್ಸ್ ಯಾಕೆ?

ಪ್ರಶ್ನೆ: ಅಮೆರಿಕದ ಆರ್ಮಿ ರಿಸರ್ವ್‌ನ ಹೆಚ್ಚಿನ ಸೈನಿಕರ ಡ್ಯೂಟಿ ತಿಂಗಳಿಗೊಂದು ವೀಕೆಂಡ್, ವರ್ಷಕ್ಕೆ ಸುಮಾರು ಎರಡು ವಾರ. ಹಾಗಿದ್ದರೆ ಹೆಡ್‌ಕ್ವಾರ್ಟರ್ಸ್‌ನಲ್ಲಿ ವರ್ಷವಿಡೀ ಫುಲ್‌ಟೈಮ್ ಸಿಬ್ಬಂದಿ ಯಾಕೆ? ಸುಮ್ನೆ ದುಡ್ಡು ದಂಡ ಅಲ್ವಾ?

ಉತ್ತರ 1: ಸೈನಿಕ ಮನೆಗೆ ಹೋದರೂ ಅವನ ಫೈಲ್ ಮನೆಗೆ ಹೋಗಲ್ಲ ಗುರು. ಸಂಬಳ, ಬಡ್ತಿ, ಮೆಡಿಕಲ್ ದಾಖಲೆ, ಗಾಡಿ ರಿಪೇರಿ, ಮುಂದಿನ ತರಬೇತಿಗೆ ಫೈರಿಂಗ್ ರೇಂಜ್ ಬುಕ್ ಮಾಡುವುದು, ಎಲ್ಲವೂ ಆ ಎರಡು ವೀಕೆಂಡ್‌ಗಳ ನಡುವೆಯೇ ಆಗಬೇಕು. ಹಲ್ಲಿನ ತಪಾಸಣೆ ಬಾಕಿ ಇದ್ದರೂ ಸೈನಿಕ ಸಿದ್ಧ ಅಂತ ಲೆಕ್ಕಕ್ಕೆ ಬರಲ್ಲ. ಅವನ ಬೆನ್ನು ಹತ್ತಿ ತಪಾಸಣೆ ಮಾಡಿಸೋಕೆ ಒಬ್ಬರು ಬೇಕಲ್ಲ.

ಉತ್ತರ 2: ಕೆಳಗಿನ ಯೂನಿಟ್‌ಗೆ ಈ ಮಾತು ಸರಿ. ಮೇಲಿನ ಹಂತಗಳ ಕಥೆ ಬೇರೆ. ಒಂದೇ ವರದಿಯನ್ನು ಮೂರು ಕಚೇರಿ ಮೂರು ನಮೂನೆಯಲ್ಲಿ ಕೇಳಿದರೆ, ತುಂಬುವವನು ಕೆಳಗಿನ ಅದೇ ಒಬ್ಬ ಕ್ಲರ್ಕ್. 2013ರಲ್ಲಿ ರಕ್ಷಣಾ ಸಚಿವ ಚಕ್ ಹೇಗಲ್ ಪೆಂಟಗನ್‌ನ ದೊಡ್ಡ ಹೆಡ್‌ಕ್ವಾರ್ಟರ್ಸ್‌ಗಳಿಗೆ 20% ಕಡಿತ ಹೇಳಿದ್ದರು. ಕೆಲಸ ಕಡಿಮೆ ಮಾಡದೆ ಬರೀ ತಲೆ ಕಡಿಮೆ ಮಾಡಿದರೆ, ಉಳಿದವರ ಮೇಜಿನ ಮೇಲೆ ಫೈಲ್ ಜಾಸ್ತಿ ಆಗುತ್ತದೆ, ಅಷ್ಟೇ.

ಪ್ರಶ್ನೆ ಕೇಳಿದವರು: ಹಲ್ಲಿನ ವಿಷಯ ಹೊಳೆದೇ ಇರಲಿಲ್ಲ! ಹಾಗಾದರೆ ಮೊದಲು ಎಣಿಸಬೇಕಾದದ್ದು ವರದಿಗಳನ್ನಾ?

ಉತ್ತರ 2: ಹೌದು. ಆಮೇಲೆ ಕುರ್ಚಿಗಳನ್ನು.