ಕೋಪ ಬಿಡದ ಮನಸ್ಸಿಗೆ ಪರಿಶುದ್ಧತೆಯ ದಾರಿ ಯಾವುದು? ನಡೆದು ಬಂದವರು ತಿಳಿಸಿ

ಕೇಳಿದವರು: ಕ್ರೈಸ್ತ ನಂಬಿಕೆಗೆ ಬಂದು ಹಲವು ವರ್ಷಗಳಾದರೂ ಕೋಪವೂ ಹೊಟ್ಟೆಕಿಚ್ಚೂ ನನ್ನನ್ನು ಬಿಟ್ಟಿಲ್ಲ. ಉಪವಾಸವನ್ನು ಬಿಗಿಗೊಳಿಸಲೇ, ಹಿರಿಯರೊಬ್ಬರ ಮುಂದೆ ನಿಯಮಿತವಾಗಿ ಪಾಪನಿವೇದನೆ ಮಾಡಿಕೊಳ್ಳಲೇ, ಇಲ್ಲವೇ ಸಂಪೂರ್ಣ ಪವಿತ್ರೀಕರಣದ, ಅಂದರೆ ದೇವರು ಪಾಪದ ಬೇರನ್ನೇ ಹೃದಯದಿಂದ ಕೀಳುವ ಅನುಭವಕ್ಕಾಗಿ ಕಾದು ಪ್ರಾರ್ಥಿಸಲೇ? ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ಏಕಾಂತಕ್ಕೆ ಸಮಯ ಕಡಿಮೆ.

ನೀತಿಗಾಗಿ ಹಸಿದವನು: ಕಾದು ಪ್ರಾರ್ಥಿಸಿ. ನಾನು ಕಾದೆ, ಪಡೆದೆ. ಆದರೆ ಅದಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. ಒಡಹುಟ್ಟಿದವನೊಂದಿಗೆ ಆಸ್ತಿಯ ವ್ಯಾಜ್ಯ ನಡೆದಿತ್ತು. ಕೆಳಗಿನ ನ್ಯಾಯಾಲಯದಲ್ಲಿ ಗೆದ್ದು ಮೇಲ್ಮನವಿಯಲ್ಲೂ ಗೆಲ್ಲುವ ಹಂತದಲ್ಲಿದ್ದಾಗ, ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನೊಂದಿಗೆ ಒಂದಾಗು ಎಂಬ ಮತ್ತಾಯ 5ರ ಮಾತು ನನ್ನನ್ನು ಮಲಗಗೊಡಲಿಲ್ಲ. ದಾವೆಯನ್ನು ಹಿಂತೆಗೆದುಕೊಂಡೆ. ವಕೀಲರಿಗೆ ಕೊಟ್ಟ ಹಣ ಹೋಯಿತು, ಜಮೀನು ಹೋಯಿತು, ನನ್ನ ಪರ ಸಾಕ್ಷಿ ನುಡಿದಿದ್ದ ಬಂಧುಗಳು ನಮ್ಮ ಮನೆಗೆ ಬರುವುದನ್ನೇ ನಿಲ್ಲಿಸಿದರು, ಮತ್ತು ಯಾರಿಗಾಗಿ ಇದೆಲ್ಲ ಮಾಡಿದೆನೋ ಆ ಸಹೋದರ ಇಂದಿಗೂ ಮಾತನಾಡಿಸುವುದಿಲ್ಲ. ಆದರೂ ಆ ದಿನಗಳ ಪ್ರಾರ್ಥನೆಯಲ್ಲಿ ಕೋಪದ ಬೇರು ಕಿತ್ತುಬಂತು. ಪರಿಶುದ್ಧತೆಯಿಲ್ಲದೆ ಯಾರೂ ಕರ್ತನನ್ನು ಕಾಣುವುದಿಲ್ಲ ಎಂದು ಇಬ್ರಿಯರಿಗೆ 12:14 ಹೇಳುವುದು ಸಾಯುವ ಗಳಿಗೆಯ ಕುರಿತಲ್ಲ, ಈ ಬದುಕಿನ ಕುರಿತು.

ಮಣ್ಣಿನ ಪಾತ್ರೆ: ಬೇರು ಕಿತ್ತುಬಂತು ಎಂಬ ಈ ಮಾತೇ ನನ್ನ ಯೌವನವನ್ನು ನುಂಗಿತು. ನಾನು ಬೆಳೆದ ಕ್ರೈಸ್ತ ಸಹವಾಸದಲ್ಲಿ ಪ್ರತಿಯೊಬ್ಬರೂ ಎದ್ದುನಿಂತು ಅಂಥ ಸಾಕ್ಷಿ ನೀಡಬೇಕಿತ್ತು. ಒಮ್ಮೆ ಸಾಕ್ಷಿ ನೀಡಿದ ಮೇಲೆ ಬಿದ್ದರೆ ಹೇಳಿಕೊಳ್ಳಲು ಜಾಗವಿರಲಿಲ್ಲ. ಮನೆಯಲ್ಲಿ ಹೆಂಡತಿಯ ಮೇಲೆ ಕೈಯೆತ್ತುವವರು ಸಭೆಯಲ್ಲಿ ಮೃದುವಾಗಿ ಹಾಡುವುದನ್ನು ಕಂಡಿದ್ದೇನೆ. ಅದನ್ನು ಬಾಯಿಬಿಟ್ಟು ಹೇಳಿದ್ದಕ್ಕೆ ನನ್ನನ್ನೇ ಹೊರಗಿಟ್ಟರು, ಹತ್ತಿರದ ಗೆಳೆತನಗಳೆಲ್ಲ ಅಲ್ಲಿಗೇ ಮುಗಿದವು, ತಾಯಿಯ ಶವಸಂಸ್ಕಾರಕ್ಕೂ ಆ ಕಡೆಯಿಂದ ಯಾರೂ ಬರಲಿಲ್ಲ. ನಮ್ಮಲ್ಲಿ ಪಾಪವಿಲ್ಲವೆಂದರೆ ನಮ್ಮನ್ನು ನಾವೇ ಮೋಸಪಡಿಸಿಕೊಳ್ಳುತ್ತೇವೆ ಎಂದು ಯೋಹಾನನು ಬರೆದದ್ದು ನಂಬಿದವರಿಗೇ. ಪವಿತ್ರೀಕರಣವು ಇಡೀ ಮನುಷ್ಯನನ್ನು ವ್ಯಾಪಿಸಿದರೂ ಈ ಜೀವಿತದಲ್ಲಿ ಅಪೂರ್ಣ ಎಂದು ಪ್ರೊಟೆಸ್ಟಂಟ್ ಪಂಥವಾದ ಪ್ರೆಸ್ಬಿಟೇರಿಯನ್ ಸಭೆಗಳ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಮಾಣದ 13ನೇ ಅಧ್ಯಾಯ ಹೇಳುವುದನ್ನು ಓದಿದ ಮೇಲೆ ನಾನು ಉಸಿರಾಡಿದೆ. ಸಂಪೂರ್ಣ ಪವಿತ್ರೀಕರಣವನ್ನು ಬೋಧಿಸಿದ, ಮೆಥೊಡಿಸ್ಟ್ ಪಂಥದ ಸ್ಥಾಪಕ ಜಾನ್ ವೆಸ್ಲಿಯವರೇ 1767ರಲ್ಲಿ ಪತ್ರಿಕೆಯೊಂದಕ್ಕೆ ಬರೆಯುತ್ತಾ, ತಾವು ಪರಿಪೂರ್ಣರಲ್ಲವೆಂದು ಸ್ಪಷ್ಟಪಡಿಸಿದ್ದಾರೆ.

ನೀತಿಗಾಗಿ ಹಸಿದವನು: ನಿಮ್ಮ ಸಹವಾಸದ ಕಪಟಕ್ಕೆ ಸಿದ್ಧಾಂತವನ್ನು ಹೊಣೆ ಮಾಡಬೇಡಿ. ವೆಸ್ಲಿ ತಮಗೆ ಆ ಸ್ಥಿತಿ ಲಭಿಸಿತೆಂದು ಹೇಳಿಕೊಳ್ಳಲಿಲ್ಲ, ಆದರೆ ಅದು ಈ ಬದುಕಿನಲ್ಲೇ ಸಾಧ್ಯವೆಂದು ಕೊನೆಯವರೆಗೂ ಬೋಧಿಸಿದರು. ಅವರು ಹೇಳಿದ ಪರಿಪೂರ್ಣತೆ ಪ್ರೀತಿಯ ಪರಿಪೂರ್ಣತೆ. ಅಜ್ಞಾನ, ತಪ್ಪು ತಿಳಿವಳಿಕೆ, ಶೋಧನೆಗಳು ಅದರಲ್ಲೂ ಉಳಿಯುತ್ತವೆ ಎಂದು ಅವರೇ ಒಪ್ಪಿದ್ದರು. ಬೇಕೆಂದೇ ದೇವರ ಆಜ್ಞೆಯನ್ನು ಮೀರುವುದನ್ನಷ್ಟೇ ಅವರು ಸರಿಯಾದ ಅರ್ಥದಲ್ಲಿ ಪಾಪವೆಂದು ಕರೆದರು.

ಮಣ್ಣಿನ ಪಾತ್ರೆ: ಆ ವ್ಯಾಖ್ಯಾನದಲ್ಲೇ ಎಲ್ಲರೂ ಅಡಗಿಕೊಂಡರು. ಬೇಕೆಂದು ಮಾಡಲಿಲ್ಲ ಎಂದರೆ ಸಾಕು, ಏಟು ಪಾಪವೇ ಅಲ್ಲವಾಗುತ್ತಿತ್ತು. ಮೆಚ್ಚದ್ದನ್ನೇ ಮಾಡುತ್ತೇನೆ ಎಂದು ರೋಮಾಪುರದವರಿಗೆ 7ರಲ್ಲಿ ಪೌಲನೇ ನರಳುತ್ತಾನಲ್ಲ.

ನೀತಿಗಾಗಿ ಹಸಿದವನು: ಅದು ಕ್ರಿಸ್ತನನ್ನು ಅರಿಯುವ ಮುಂಚಿನ, ಮೋಶೆಯ ಧರ್ಮಶಾಸ್ತ್ರದ ಕೆಳಗಿದ್ದ ಮನುಷ್ಯನ ನರಳಾಟ. ಆದಿಸಭೆಯ ದೊಡ್ಡ ಬೋಧಕ ಅಗಸ್ಟೀನರೂ ಮೊದಲು ಹಾಗೆಯೇ ಓದಿದ್ದರು.

ಮಣ್ಣಿನ ಪಾತ್ರೆ: ಮೊದಲು ಹಾಗೆ ಓದಿದರು, ಮನುಷ್ಯ ಸ್ವಂತ ಇಚ್ಛಾಬಲದಿಂದಲೇ ಪಾಪವಿಲ್ಲದೆ ಬದುಕಬಲ್ಲ ಎನ್ನುತ್ತಿದ್ದ ಪೆಲಾಗಿಯನರೊಂದಿಗೆ ವಾದಿಸಿದ ಮೇಲೆ ಆ ಅರ್ಥವನ್ನು ಬಿಟ್ಟು, ಅದು ಕೃಪೆಯಲ್ಲಿರುವವನ ಮಾತೇ ಎಂದರು. ಅರ್ಧ ಹೇಳಿ ನಿಲ್ಲಿಸುವುದು ನ್ಯಾಯವಲ್ಲ.

ಪಶ್ಚಾತ್ತಾಪಿ: ನಿಮ್ಮಿಬ್ಬರ ಜಗಳದಲ್ಲಿ ಪಾಪನಿವೇದನೆಯ ಪ್ರಶ್ನೆ ಮರೆಯಾಯಿತು. ನಾನು ಕಥೋಲಿಕಳು. ನನ್ನ ಕಷ್ಟ ಕೋಪವಲ್ಲ, ಅತಿಸಂಶಯ. ನಿವೇದನೆ ಮುಗಿಸಿ ಹೊರಬಂದು ಬಾಗಿಲು ದಾಟುವ ಮುನ್ನವೇ, ಒಂದು ವಿವರ ಬಿಟ್ಟೆನೇನೋ, ಪಶ್ಚಾತ್ತಾಪ ಸಾಲದೇನೋ ಎಂದು ಎದೆ ಹಿಂಡುತ್ತಿತ್ತು. ಬೇರೆ ಬೇರೆ ಗುರುಗಳ ಬಳಿ ಅದನ್ನೇ ಮತ್ತೆ ಹೇಳುತ್ತಿದ್ದೆ. ರಾತ್ರಿ ಪಾಪಗಳ ಪಟ್ಟಿ ಬರೆದು, ಅಳಿಸಿ, ಪುನಃ ಬರೆಯುತ್ತಿದ್ದೆ. ನಿದ್ರೆ ಕೆಟ್ಟಿತು, ತೂಕ ಇಳಿಯಿತು, ಪರಮಪ್ರಸಾದಕ್ಕೆ ಎದ್ದು ಹೋಗುವ ಧೈರ್ಯವೇ ಉಡುಗಿತು, ಕೆಲಸದಲ್ಲಿ ಬಡ್ತಿ ಕೈತಪ್ಪಿತು. ಕೊನೆಗೆ ಗುರುಗಳೊಬ್ಬರು, ಇನ್ನು ಮುಂದೆ ನನ್ನೊಬ್ಬನ ಬಳಿ ಮಾತ್ರ ಬರಬೇಕು, ಒಮ್ಮೆ ಕ್ಷಮಿಸಲ್ಪಟ್ಟ ಪಾಪವನ್ನು ಮತ್ತೆ ಎತ್ತಬಾರದು ಎಂದು ಆಜ್ಞಾಪಿಸಿದರು. ಯೇಸುಸಭೆಯ (ಜೆಸ್ವಿಟ್) ಸ್ಥಾಪಕ ಲೊಯೋಲಾದ ಇಗ್ನಾಸಿಯವರು ಸ್ಪೇನಿನ ಮನ್ರೇಸಾದಲ್ಲಿ ಇದೇ ಸಂಕಟದಿಂದ ಸಾಯುವ ಯೋಚನೆಯವರೆಗೆ ಹೋಗಿ, ದೇವರು ಬಿಡಿಸುವವರೆಗೂ ಉಣ್ಣುವುದಿಲ್ಲವೆಂದು ವಾರವಿಡೀ ಕುಳಿತಾಗ, ಪಾಪನಿವೇದನೆ ಕೇಳುತ್ತಿದ್ದ ಗುರುವೇ ಉಪವಾಸ ಮುರಿಯಿರೆಂದು ಆಜ್ಞಾಪಿಸಿದರು. ಆ ವಿಧೇಯತೆಯೇ ನನ್ನನ್ನೂ ಉಳಿಸಿತು. ಉಪವಾಸವನ್ನು ಬಿಗಿಗೊಳಿಸಿ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಮಣ್ಣಿನ ಪಾತ್ರೆ: ಕ್ರಿಸ್ತನ ರಕ್ತ ಸಾಕಾಗದೆ ಗುರುವಿನ ಆಜ್ಞೆ ಬೇಕಾಯಿತೇ?

ಪಶ್ಚಾತ್ತಾಪಿ: ರಕ್ತ ಸಾಕು ಎಂದು ನನಗೇ ನಾನು ಹೇಳಿಕೊಂಡಾಗ ನಂಬಲಾಗಲಿಲ್ಲ, ಇನ್ನೊಬ್ಬರ ಬಾಯಿಂದ ಕೇಳಬೇಕಾಯಿತು. ಒಬ್ಬರಿಗೊಬ್ಬರು ಪಾಪಗಳನ್ನು ಅರಿಕೆಮಾಡಿರಿ ಎಂದು ಯಾಕೋಬನು 5:16ರಲ್ಲಿ ಬರೆದದ್ದು ನಿಮ್ಮ ಬೈಬಲಿನಲ್ಲೂ ಇದೆ. ನಿಮ್ಮನ್ನು ಹೊರಗಿಟ್ಟವರ ನಡುವೆ ಅಂಥ ಗುಟ್ಟಿನ ಜಾಗವೊಂದಿದ್ದರೆ, ಆ ಹೆಂಡತಿಯರಲ್ಲಿ ಒಬ್ಬಳಾದರೂ ಮೊದಲೇ ಬಾಯಿ ಬಿಡುತ್ತಿದ್ದಳು.

ಮೌನವಾಸಿ: ಪ್ರಶ್ನೆ ಕೇಳಿದವರಿಗೆ ಏಕಾಂತ ಸಿಗುತ್ತಿಲ್ಲವಂತೆ. ನನಗೆ ಸಿಕ್ಕಿತು: ಕೆಲಸ ಬಿಟ್ಟು, ಉಳಿತಾಯ ಕರಗಿಸಿ, ಒಂದು ಆಶ್ರಮದಲ್ಲಿ ದೀರ್ಘಕಾಲ ಮೌನದಲ್ಲಿದ್ದೆ. ಎದುರಿಗೆ ಮನುಷ್ಯರಿಲ್ಲದಾಗ ಕೋಪವು ವಸ್ತುಗಳ ಮೇಲೆ ತಿರುಗಿತು. ಜಾರದ ಚಿಲಕ, ಹೊತ್ತಿಕೊಳ್ಳದ ದೀಪ, ಎಲ್ಲವೂ ಶತ್ರುಗಳಾದವು. 5ನೇ ಶತಮಾನದಲ್ಲೇ ಕ್ರೈಸ್ತ ಸನ್ಯಾಸಿ ಜಾನ್ ಕಾಸಿಯನ್, ಮರುಭೂಮಿಯಲ್ಲಿದ್ದಾಗ ತಮ್ಮ ಸಿಟ್ಟು ದಪ್ಪಗಾದ ಲೇಖನಿಯ ಮೇಲೆ, ಮೊಂಡು ಚಾಕುವಿನ ಮೇಲೆ, ಬೇಗ ಕಿಡಿ ಕೊಡದ ಚಕಮಕಿ ಕಲ್ಲಿನ ಮೇಲೆ ಹರಿಯುತ್ತಿತ್ತೆಂದು ಬರೆದಿಟ್ಟಿದ್ದಾರೆ. ತಾಳ್ಮೆ ಕಲಿಯಲು ಮತ್ತೊಬ್ಬರು ಬೇಕು ಎಂಬುದು ಅವರ ನಿಲುವು. ಚಿಕ್ಕ ಮಕ್ಕಳಿರುವ ಮನೆಯನ್ನು ಬಿಟ್ಟು ಎಲ್ಲಿಗೂ ಹೋಗಬೇಡಿ.

ನೀತಿಗಾಗಿ ಹಸಿದವನು: ಕಾಸಿಯನರೂ ಆ ಬೇರನ್ನು ಪೂರ್ತಿ ಕೀಳಬೇಕೆಂದೇ ಬರೆದರು, ಅದನ್ನು ಬಿಟ್ಟಿದ್ದೀರಿ.