ಸೋತವರ ತಿದ್ದುಪಡಿ

"ಅಮೆರಿಕನ್ ಫುಟ್‌ಬಾಲಲ್ಲಿ ಈ ಟಷ್ ಪುಷ್ ನಿಲ್ಲಿಸ್ಬೇಕು ಕಣ್ರೋ," ಅಂತ ಮಂಜ ಸೋಫಾದಿಂದಲೇ ಠರಾವು ಮಂಡಿಸಿದ. "ಅದೂ ಒಂದು ಆಟವಾ? ತಂಡದ ದಾಳಿ ನಡೆಸೋ ಕ್ವಾರ್ಟರ್‌ಬ್ಯಾಕ್ ಚೆಂಡು ಅಪ್ಪಿಕೊಂಡು ಬಗ್ಗೋದು, ಹಿಂದಿನಿಂದ ಇಬ್ಬರು ಅವನ ಕುಂಡಿಗೆ ಕೈ ಕೊಟ್ಟು ನೂಕೋದು. ಕೆಟ್ಟು ನಿಂತ ಸಿಟಿ ಬಸ್ಸು ತಳ್ಳಿದ ಹಾಗೆ!"

ವೆಂಕಣ್ಣ ಕೋಡುಬಳೆ ಮುರಿಯುತ್ತಾ ಕೇಳಿದರು, "ಯಾರ ಮೇಲೆ ಸೋತ್ರಿ?"

"ಸೋಲು ಗೆಲುವಿನ ಮಾತಲ್ಲ ಇದು. ತತ್ವದ ಪ್ರಶ್ನೆ."

"ಆ ಟಷ್ ಪುಷ್ ಮಾಡೋ ಈಗಲ್ಸ್ ತಂಡದ ಮೇಲೆ," ಅಂದ ಸುರೇಶ, ಫೋನಿಂದ ಕಣ್ಣೆತ್ತದೆ.

"ಹಾಗನ್ನು. ಪಾಪ, ತತ್ವಕ್ಕೆ ಯಾಕೆ ನಿನ್ನ ಕೌಬಾಯ್ಸ್ ತಂಡದ ಜೆರ್ಸಿ ತೊಡಿಸ್ತೀಯ?" ವೆಂಕಣ್ಣ ಮುಂದುವರಿಸಿದರು. "ನಿನಗಿಂತ ಮುಂಚೆ ಗ್ರೀನ್ ಬೇ ತಂಡದೋರಿಗೂ ಇದೇ ತತ್ವ ಹೊಳೆದಿತ್ತು. 2025ರ ಜನವರಿ ಪ್ಲೇಆಫಲ್ಲಿ ಈಗಲ್ಸ್ ಕೈಲಿ 22-10 ಸೋತ್ರು. ಮೇ ತಿಂಗಳು ಮಾಲೀಕರ ಸಭೆಲಿ ಅವರದೇ ಠರಾವು ಮತಕ್ಕೆ ಬಂತು. 32 ತಂಡದಲ್ಲಿ 24 ಮತ ಬೇಕು. ಬಿದ್ದಿದ್ದು ಪರ 22, ವಿರೋಧ 10. ಈ ಸಲ 22 ಅವರ ಕಡೆಗೇ ಇತ್ತು, ಆದ್ರೂ ಸೋತ್ರು!"

ಸುರೇಶ ನಗಲಿಲ್ಲ. ಅವನ ಫೋನಿನಲ್ಲಿ ತಿದ್ದುಪಡಿಗಳ ಪಟ್ಟಿಯೇ ಇದೆ. "ನನ್ನದು ಶುದ್ಧ ತರ್ಕ, ಕೇಳಿ. ಓಡೋನ ಕೈ ಜಾರಿ ಚೆಂಡು ಮೈದಾನದ ಪಕ್ಕದ ಗೆರೆಯಾಚೆ ಉರುಳಿದ್ರೆ ಏನ್ಮಾಡ್ತಾರೆ? ಜಾರಿದ ಜಾಗಕ್ಕೇ ತಂದು ಅವರಿಗೇ ಕೊಡ್ತಾರೆ. ಅದೇ ಚೆಂಡು ಎದುರಾಳಿ ಎಂಡ್ ಝೋನ್, ಅಂದ್ರೆ ಅಂಕ ಸಿಗೋ ಕೊನೇ ಪಟ್ಟಿಯಿಂದ ಆಚೆ ಉರುಳಿದ್ರೆ? ಎದುರಾಳಿ ಮುಟ್ಟೇ ಇರಲ್ಲ, ಆದ್ರೂ ಚೆಂಡು ಅವರ ಪಾಲು. ಅದೂ 20 ಗಜದ ಗೆರೆಗೆ ಒಯ್ದು ಇಟ್ಟುಕೊಡ್ತಾರೆ. ಇದು ನ್ಯಾಯಾನಾ?"

"ಅಲ್ಲ. ನೀನು ಓದಿದ್ದು ಕ್ಲೀವ್‌ಲ್ಯಾಂಡಲ್ಲಿ ಅಲ್ವೇನೋ?"

"ಅದಕ್ಕೂ ಇದಕ್ಕೂ ಏನು ಸಂಬಂಧ?"

ವೆಂಕಣ್ಣ ಸುಮ್ಮನೆ ಕೋಡುಬಳೆ ಅಗಿದರು.

"2021ರ ಜನವರಿ," ಅಂತ ಸುರೇಶ ಕೊನೆಗೆ ಗೊಣಗಿದ. "ನಮ್ಮ ಕ್ಲೀವ್‌ಲ್ಯಾಂಡ್ ತಂಡದೋರು ಹೀಗೇ ಚೆಂಡು ಕಳ್ಕೊಂಡು ಸೋತ್ರು, ಕ್ಯಾನ್ಸಾಸ್ ಸಿಟಿ ಮೇಲೆ. 22-17."

ಟಿವಿಯಲ್ಲಿ ಎರಡು ನಿಮಿಷದ ಎಚ್ಚರಿಕೆ ಬಂತು, ಆಟ ನಿಂತು ಜಾಹೀರಾತು ಶುರುವಾಯಿತು. ಅಡುಗೆಮನೆಯಿಂದ ಲಲಿತಾ ಇಣುಕಿದಳು. "ನನ್ನದೂ ಒಂದು ಬರ್ಕೊಳ್ಳಿ. ಎರಡು ನಿಮಿಷ ಅಂದ್ರೆ ಎರಡೇ ನಿಮಿಷ ಆಗ್ಬೇಕು. ಇವರ ಎರಡು ನಿಮಿಷಕ್ಕೆ ಕಾದು ಸಾರು ಮೂರು ಸಲ ಬಿಸಿ ಮಾಡಿದೀನಿ."

"ಹಿಂದೆ ಸ್ಟೇಡಿಯಂ ಗಡಿಯಾರ ಬರೀ ಅಲಂಕಾರಕ್ಕಿತ್ತಮ್ಮ," ಅಂದರು ವೆಂಕಣ್ಣ. "ಲೆಕ್ಕ ರೆಫರಿ ಕೈಲಿರ್ತಿತ್ತು, ಅದಕ್ಕೇ ಅವನು ಬಂದು ಇನ್ನೆರಡೇ ನಿಮಿಷ ಅಂತ ಜ್ಞಾಪಿಸ್ತಿದ್ದ. ಈಗ ಗಡಿಯಾರ ಊರಿಗೆಲ್ಲ ಕಾಣುತ್ತೆ. ಜ್ಞಾಪಿಸೋ ಕೆಲಸ ಮಾತ್ರ ಬಿಯರು, ಟ್ರಕ್ಕು ಮಾರೋರಿಗೆ ಹೋಗಿದೆ. 60 ನಿಮಿಷದ ಆಟಕ್ಕೆ ಮೂರು ಗಂಟೆ ಕೂರಿಸ್ತಾರೆ, ಚೆಂಡು ಓಡಾಡೋದು ಸುಮಾರು 11 ನಿಮಿಷ. ಅಂದ ಹಾಗೆ, ನೀನು ಯಾರ ಮೇಲೆ ಸೋತಿದ್ದು?"

"ಇವರ ಮೇಲೆ," ಅಂತ ಲಲಿತಾ ಮಂಜನ ಕಡೆ ಸೌಟು ತೋರಿಸಿದಳು. "ಮದುವೆಯಾದಾಗಿಂದ."

ಮಂಜ ಮಾತು ತಿರುಗಿಸಿದ. "ಎಲ್ಲ ಕ್ಯಾಮೆರಾಗೆ ಬಿಟ್ಟುಬಿಟ್ರೆ ಈ ಗೋಳೇ ಇರಲ್ಲ. ಈಗ ಗಜ ಅಳೆಯೋ ಚೈನು ಹೋಗಿ ಹಾಕ್-ಐ ಬಂದಿಲ್ವಾ? ನಮ್ಮ ಕ್ರಿಕೆಟಲ್ಲಿ ಎಲ್‌ಬಿಡಬ್ಲ್ಯು ನೋಡೋದು ಅದೇ ಹಾಕ್-ಐ!"

"ಬಂತಪ್ಪ ಬಂತು, 2025ರಲ್ಲೇ ಬಂತು. ತಂಡ ಮುಂದೆ ಸಾಗ್ಬೇಕಾದ ಹತ್ತು ಗಜ ಆಯ್ತಾ ಇಲ್ವಾ ಅಂತ ಕೂದಲೆಳೆಯಷ್ಟೂ ಬಿಡದೆ ಅಳೆಯುತ್ತೆ. ಆದ್ರೆ ಅಳೆಯೋ ಚೆಂಡನ್ನ ಅಲ್ಲಿ ಇಟ್ಟೋರ್ಯಾರು? ಬೆಟ್ಟದಂಥ ಗಂಡಸರು ಒಬ್ಬರ ಮೇಲೊಬ್ಬರು ಬಿದ್ದಿರ್ತಾರೆ, ರೆಫರಿ ಆ ಗುಡ್ಡೆ ಸುತ್ತ ಓಡಿ ಬಂದು, ಎಲ್ಲೋ ಇಲ್ಲೇ ಇರ್ಬೇಕು ಅಂತ ಕಣ್ಣಂದಾಜಲ್ಲಿ ಇಡ್ತಾನೆ. ಇಟ್ಟಿದ್ದು ಅಂದಾಜು, ಅಳೆದಿದ್ದು ಕರಾರುವಾಕ್ಕು! ನಮ್ಮೂರ ಸರ್ವೆಯೋರು ಇದನ್ನ ನೋಡಿದ್ರೆ ಕಣ್ಣೀರು ಹಾಕ್ತಿದ್ರು."

"ಅಂದ್ರೆ ಏನೂ ಬದಲಾಗೋದೇ ಬೇಡ್ವಾ ನಿಮಗೆ?" ಸುರೇಶ ರೇಗಿದ. "ಸ್ಕೋರು ಸಮ ಆದಾಗ ಆಡೋ ಓವರ್‌ಟೈಮ್ ನಿಯಮ ಬದಲಾಯ್ಸಿದ್ದು ಒಳ್ಳೇದಾಗ್ಲಿಲ್ವಾ?"

"ಯಾರಿಗೆ ಒಳ್ಳೇದಾಯ್ತು? 2022ರ ಜನವರೀಲಿ ಬಫಲೋದೋರು ಟಾಸ್ ಸೋತ್ರು, ಓವರ್‌ಟೈಮಲ್ಲಿ ಚೆಂಡು ಅವರ ಕೈಗೇ ಸಿಗಲಿಲ್ಲ, ಕ್ಯಾನ್ಸಾಸ್ ಸಿಟಿ ಗೆದ್ದುಬಿಡ್ತು. ದೇಶವೆಲ್ಲ ಲಬೋ ಲಬೋ ಅಂತು. ಪ್ಲೇಆಫಲ್ಲಿ ಇಬ್ಬರಿಗೂ ಒಂದೊಂದು ಸರದಿ ಅಂತ ನಿಯಮ ಬಂತು. ಅದು ಮೊದಲು ಬಳಕೆಗೆ ಬಂದಿದ್ದು 2024ರ ಫೈನಲ್ಲು, ಅಂದ್ರೆ ಸೂಪರ್ ಬೌಲಲ್ಲಿ. ಗೆದ್ದಿದ್ಯಾರು?"

"...ಕ್ಯಾನ್ಸಾಸ್ ಸಿಟಿ."

"ಎದುರಿಗಿದ್ದ ಸ್ಯಾನ್ ಫ್ರಾನ್ಸಿಸ್ಕೋ ಆಟಗಾರರಲ್ಲಿ ಕೆಲವರಿಗೆ ಹೊಸ ನಿಯಮವೇ ಗೊತ್ತಿರಲಿಲ್ಲವಂತೆ, ಆಮೇಲೆ ಅವರೇ ಹೇಳ್ಕೊಂಡ್ರು. ನಿಮ್ಮನ್ನ ಕೇಳಿದ್ರೆ ಹೇಳ್ತಿದ್ರಿ."

ಸ್ವಲ್ಪ ಹೊತ್ತು ಟಿವಿಯದ್ದೇ ಸದ್ದು. ಜಾಹೀರಾತು ಮುಗಿದು ಇನ್ನೊಂದು ಜಾಹೀರಾತು ಬಂತು.

"ನನಗೂ ಒಂದು ಬೇಕು ಅನ್ಸುತ್ತೆ ಕಣೋ," ಅಂದರು ವೆಂಕಣ್ಣ, ದನಿ ಇಳಿಸಿ. "2010ರ ಸೂಪರ್ ಬೌಲ್ ನೆನಪಿದ್ಯಾ? ಹಾಫ್‌ಟೈಮಲ್ಲಿ ಸೇಂಟ್ಸ್ ತಂಡದೋರು ಹಿಂದಿದ್ರು. ಎರಡನೇ ಅರ್ಧ ಶುರುವಾಗ್ತಿದ್ದ ಹಾಗೇ, ಯಾರಿಗೂ ಸುಳಿವು ಕೊಡದೆ, ಚೆಂಡನ್ನ ದೂರಕ್ಕೆ ಒದೆಯೋ ಬದಲು ಮೆಲ್ಲಗೆ ಪಕ್ಕಕ್ಕೆ ಉರುಳಿಸಿ ತಾವೇ ಹಿಡ್ಕೊಂಡುಬಿಟ್ರು. ನಾನು ಕೂತಿದ್ದ ಕುರ್ಚಿಯಿಂದ ಎದ್ದು ನಿಂತಿದ್ದೆ. ಈಗ ಹಾಗಿಲ್ಲ. ಈ ಥರ ಒದೆಯೋ ಆನ್‌ಸೈಡ್ ಕಿಕ್ ಬೇಕಾದ್ರೆ ಮೊದಲೇ ರೆಫರಿಗೆ ಹೇಳ್ಬೇಕು. ಮೋಸ ಮಾಡ್ತೀವಿ ಸಾರ್, ಅಪ್ಪಣೆ ಕೊಡಿ ಅಂತ ಅರ್ಜಿ ಹಾಕಿ ಮಾಡೋ ಮೋಸ ಎಂಥದ್ದು?"

"ಆಟ ಶುರುಮಾಡೋ ಒದೆತ, ಆ ಕಿಕಾಫಲ್ಲಿ ಜನಕ್ಕೆ ಏಟಾಗ್ತಿತ್ತು ವೆಂಕಣ್ಣ, ಅದಕ್ಕೇ ಬದಲಾಯ್ಸಿದ್ದು."

"ಗೊತ್ತು. ಅದು ಸರಿಯಾಗೇ ಇದೆ. ಅದಕ್ಕೇ ಇನ್ನೂ ಬೇಜಾರು." ಅವರು ತಟ್ಟೆಯಲ್ಲಿ ಹುಡುಕಿದರು, ಕೋಡುಬಳೆ ಮುಗಿದಿತ್ತು.

ಮಂಜನಿಗೆ ಈಗ ಕೌಬಾಯ್ಸ್ ತಂಡದ ಹಳೇ ಗಾಯ ತುರಿಸಿತು. "ಡೆಜ಼್ ಬ್ರಯಂಟ್ ಕ್ಯಾಚು! ಅದಕ್ಕೆ ಏನಂತೀರಿ? 2015, ಗ್ರೀನ್ ಬೇ ಮೈದಾನ. ಹಿಡಿದ, ಹೆಜ್ಜೆ ಇಟ್ಟ, ನೆಲಕ್ಕೆ ಬಿದ್ದಾಗ ಚೆಂಡು ಒಂಚೂರು ಅಲುಗಾಡ್ತು ಅಂತ ಕ್ಯಾಚೇ ಅಲ್ಲ ಅಂದ್ರು. 2018ರಲ್ಲಿ ನಿಯಮ ಬದಲಾಯ್ಸಿ, ಅಂಥದ್ದು ಕ್ಯಾಚೇ ಅಂತ ನಿಯಮ ಸಮಿತಿಯೋರೇ ಒಪ್ಪಿದ್ರು!"

"ನಿಯಮ ಬದಲಾಯ್ತು. ಸ್ಕೋರು?"

"26-21," ಅಂದ ಮಂಜ. "ಹಾಗೇ ಇದೆ."

ಸುರೇಶನಿಗೆ ಲೆಕ್ಕ ತಡೆಯಲಾಗಲಿಲ್ಲ. "ಕ್ಯಾಚ್ ಕೊಟ್ಟಿದ್ರೂ ಇನ್ನೂ ನಾಲ್ಕು ನಿಮಿಷಕ್ಕೂ ಮೇಲೆ ಇತ್ತು ಕಣೋ. ಆ ಕಡೆ ಗ್ರೀನ್ ಬೇ ಕ್ವಾರ್ಟರ್‌ಬ್ಯಾಕ್ ಆರನ್ ರಾಜರ್ಸ್."

ಮಂಜ ಬಹಳ ಹೊತ್ತು ಯೋಚಿಸಿದ.

"ಹಾಗಾದ್ರೆ ಆ ನಾಲ್ಕು ನಿಮಿಷಕ್ಕೂ ಒಂದು ತಿದ್ದುಪಡಿ ಬರ್ಕೋ," ಅಂದ.